ಜರ್ಮನ್ ತರಗತಿ: ಹುಡುಗಿಯರು ತಮ್ಮ ಮಾತಿನ ಮಟ್ಟವನ್ನು ಕಡಿಮೆ ಹಾಕಿಕೊಳ್ಳುತ್ತಾರೆಯೆ?

ಜರ್ಮನ್_ಪಾಠ:
ಪದವಿ ತರಗತಿಯ 24 ವಿದ್ಯಾರ್ಥಿಗಳಿಗೆ ಯುರೋಪ್ ಕೌನ್ಸಿಲ್‌ನ ಎ1ರಿಂದ (ಆರಂಭಿಕ) ಸಿ2ವರೆಗಿನ (ಅತಿ ಮೇಲಿನ) ಭಾಷಾ ಮಟ್ಟಗಳ ಸ್ವಮೌಲ್ಯಮಾಪನ ಪಟ್ಟಿ ಕೊಟ್ಟಿದ್ದೇವೆ. ಓದುವುದರಲ್ಲಿ ಎಲ್ಲರ ಗುರುತೂ ಹೆಚ್ಚುಕಡಿಮೆ ಒಂದೇ. ಮಾತಾಡುವುದರಲ್ಲಿ ಮಾತ್ರ ಹೆಚ್ಚಿನ ಹುಡುಗಿಯರು ಎ2, ಹುಡುಗರು ಬಿ1 ಅಂತ ಹಾಕಿದ್ದಾರೆ. ಮೌಖಿಕ ಪರೀಕ್ಷೆಯಲ್ಲಿ ಅಂಥ ಅಂತರ ಕಾಣಲಿಲ್ಲ. ಹುಡುಗಿಯರಿಗೆ ಒಂದು ಮಟ್ಟ ಕೂಡಿಸಿ ಸಂಭಾಷಣೆ ಗುಂಪು ಮಾಡಬಹುದೆ?

ಅಳತೆಗೋಲು:
ಕೂಡಿಸಲೇಬೇಡಿ. ತನ್ನನ್ನು ಸರಿಯಾಗಿ ಅಳೆದುಕೊಂಡ ಹುಡುಗಿಗೂ ಒಂದು ಮಟ್ಟ ಜಾಸ್ತಿಯಾಗುತ್ತದೆ, ಕಡಿಮೆ ಹಾಕಿಕೊಂಡ ಹುಡುಗ ಅಲ್ಲೇ ಉಳಿಯುತ್ತಾನೆ. ಗುಂಪು ಮಾಡಲು ಪರೀಕ್ಷೆಯ ಅಂಕವನ್ನೇ ಬಳಸಿ.

ಅಂತರ ನಿಜವೇ ಎಂದು ನೋಡಬೇಕಿದ್ದರೆ ಆರು ಮಟ್ಟಗಳ ಪಟ್ಟಿ ಸಾಲದು. ಒಂದೇ ತರಗತಿಯವರೆಲ್ಲ ಎರಡು ಮಟ್ಟಗಳೊಳಗೇ ಬೀಳುತ್ತಾರೆ. ಗಡಿಯಲ್ಲಿರುವವರ ಸಣ್ಣ ಹಿಂಜರಿಕೆಯೂ ಪೂರ್ತಿ ಒಂದು ಮಟ್ಟವಾಗಿ ಕಾಣುತ್ತದೆ. ಮಾತಿಗೆ ಸಂಬಂಧಿಸಿದ 10-12 ‘ನಾನು ಮಾಡಬಲ್ಲೆ’ ವಾಕ್ಯ ಬರೆದು, ಒಂದೊಂದಕ್ಕೂ 1ರಿಂದ 5 ಅಂಕ ಹಾಕಿಸಿ. ಅದೇ ವಾರ ಮೌಖಿಕ ಪರೀಕ್ಷೆ ಇಡಿ. ಇಬ್ಬರು ಪರೀಕ್ಷಕರು ಬೇರೆಬೇರೆಯಾಗಿ ಅಂಕ ಹಾಕಬೇಕು, ಇಬ್ಬರೂ ವಿದ್ಯಾರ್ಥಿಯ ಸ್ವಂತ ಅಂಕ ನೋಡಿರಬಾರದು.

ಎಲ್ಲರೂ ಎಡವುವುದು ಮುಂದಿನ ಲೆಕ್ಕದಲ್ಲಿ. ಸ್ವಂತ ಅಂಕದಿಂದ ಪರೀಕ್ಷೆಯ ಅಂಕ ಕಳೆದು ಲಿಂಗವಾರು ಸರಾಸರಿ ತೆಗೆಯುತ್ತಾರೆ. ಪರೀಕ್ಷೆಯಲ್ಲಿ ತುಂಬ ಮೇಲಿರುವವರಿಗೆ ಅದಕ್ಕಿಂತ ಹೆಚ್ಚು ಹಾಕಿಕೊಳ್ಳಲು ಜಾಗವೇ ಇಲ್ಲ, ಕೆಳಗಿರುವವರಿಗೆ ಇಳಿಯಲು ಜಾಗವಿಲ್ಲ. ಹಾಗಾಗಿ ಹುಡುಗಿಯರ ಅಂಕ ಚೆನ್ನಾಗಿರುವ ತರಗತಿಯಲ್ಲಿ, ಅವರಿಗೆ ಯಾವ ಸಂಕೋಚ ಇಲ್ಲದಿದ್ದರೂ, ಅವರು ತಮ್ಮನ್ನು ಕಡಿಮೆ ಅಳೆದುಕೊಂಡಂತೆ ಕಾಣುತ್ತದೆ. ಅಡ್ಡಗೆರೆಯ ಮೇಲೆ ಪರೀಕ್ಷೆಯ ಅಂಕ, ಲಂಬಗೆರೆಯ ಮೇಲೆ ಸ್ವಂತ ಅಂಕ ಇಟ್ಟು, ಹುಡುಗರಿಗೂ ಹುಡುಗಿಯರಿಗೂ ಬೇರೆ ಬಣ್ಣದ ಚುಕ್ಕಿ ಹಾಕಿ. ಒಂದೇ ಪರೀಕ್ಷಾ ಅಂಕದ ಆಸುಪಾಸಿನವರನ್ನು ಹೋಲಿಸಿ. 24 ಜನರಿಂದ ಲಿಂಗದ ಬಗ್ಗೆ ತೀರ್ಮಾನ ಬೇಡ, ಯಾರು ಗುಂಪಿನಿಂದ ತೀರಾ ದೂರವಿದ್ದಾರೆ ಅನ್ನುವುದು ಮಾತ್ರ ಸಿಗುತ್ತದೆ. ಬೇಕಾದದ್ದೂ ಅದೇ.

ಮಾತುಕತೆ_ಕನ್ನಡತಿ:
ಮೇಲಿನದಕ್ಕೆ ಒಂದು ಸೇರಿಸಿ: ಆತಂಕ. ಮ್ಯಾಕಿಂಟೈರ್, ನೋಯೆಲ್ಸ್, ಕ್ಲೆಮಾಂ ಎಂಬ ಸಂಶೋಧಕರು 1997ರಲ್ಲೇ ತೋರಿಸಿದ್ದಾರೆ: ಭಾಷೆಯ ಆತಂಕ ಹೆಚ್ಚಿರುವವರು ತಮ್ಮ ಸಾಮರ್ಥ್ಯವನ್ನು ಕಡಿಮೆ ಅಂದಾಜಿಸುತ್ತಾರೆ, ನಿರಾತಂಕದವರು ಹೆಚ್ಚು. ಹಾರ್ವಿಟ್ಜ್ ಮತ್ತು ಸಂಗಡಿಗರ 1986ರ ತರಗತಿ ಆತಂಕ ಮಾಪಕದಲ್ಲಿ 33 ವಾಕ್ಯಗಳಿವೆ, ಅದನ್ನೂ ಕೊಡಿ. ಆತಂಕ ಸಮನಾಗಿರುವವರ ನಡುವೆ ಅಂತರ ಕರಗಿದರೆ, ನೀವು ಕೆಲಸ ಮಾಡಬೇಕಾದದ್ದು ಆತಂಕದ ಮೇಲೆ.

ವಾಕ್ಯಗಳನ್ನೂ ತಿದ್ದಿ. ‘ಸರಾಗವಾಗಿ ಮಾತಾಡಬಲ್ಲೆ’ ಅಂದರೆ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಅಳತೆ. ‘ಅಂಗಡಿಯಲ್ಲಿ ಕೊಂಡ ಅಂಗಿ ವಾಪಸು ಕೊಟ್ಟು, ಕಾರಣ ಎರಡು ವಾಕ್ಯದಲ್ಲಿ ಹೇಳಬಲ್ಲೆ’ ಅಂದರೆ ಹೌದೋ ಅಲ್ಲವೋ ಗೊತ್ತಾಗುತ್ತದೆ. ಕನ್ನಡದಲ್ಲೇ ಬರೆಯಿರಿ. ಕೈ ಎತ್ತಿಸಬೇಡಿ, ಚೀಟಿಯಲ್ಲಿ ಬರೆಸಿ. ಎಲ್ಲರೆದುರು ‘ನನಗೆ ಬರುತ್ತೆ’ ಅನ್ನುವುದು ಅಹಂಕಾರ ಅಂತ ಹುಡುಗಿಯರಿಗೇ ಹೆಚ್ಚು ಹೇಳಿ ಬೆಳೆಸಿರುತ್ತಾರೆ.

ಜರ್ಮನ್_ಪಾಠ:
ಧನ್ಯವಾದ ಮೇಡಂ. ತೀರಾ ಕಡಿಮೆ ಹಾಕಿಕೊಂಡವರಿಗೆ ಏನು ಮಾಡುವುದು?

ಮಾತುಕತೆ_ಕನ್ನಡತಿ:
ಎರಡು ನಿಮಿಷ ಮಾತಾಡಿಸಿ ರೆಕಾರ್ಡ್ ಮಾಡಿ. ಎ2, ಬಿ1 ಮಟ್ಟದ ಮಾದರಿ ಧ್ವನಿಮುದ್ರಣಗಳ ಜೊತೆ ಅವರಿಗೇ ಕೇಳಿಸಿ, ಆಮೇಲೆ ಅದೇ ವಾಕ್ಯಗಳಿಗೆ ಮತ್ತೆ ಅಂಕ ಹಾಕಿಸಿ. ‘ನೀನು ಚೆನ್ನಾಗಿ ಮಾತಾಡ್ತೀಯಮ್ಮ’ ಅನ್ನುವ ಹೊಗಳಿಕೆಯಷ್ಟೇ ಕೊಟ್ಟರೆ ಅಂಕ ಒಂದು ವಾರ ಏರಿ ಮತ್ತೆ ಇಳಿಯಬಹುದು. ತಾವಾಗಿ ಹೆಚ್ಚು ಹಾಕಿಕೊಂಡ ಹುಡುಗರಿಗೂ ಇದನ್ನೇ ಮಾಡಿಸಿ, ಅವರಿಗೂ ಅಷ್ಟೇ ಅಗತ್ಯ.