ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಫಿರಂಗಿ ಬ್ರೋಚ್ ಯಾರದ್ದು?

ಪ್ರಶ್ನೆ (ಮಂಡ್ಯ): ಅಜ್ಜಿ ಮೈಸೂರಲ್ಲಿ ಒಬ್ಬ ಇಂಗ್ಲಿಷ್ ದೊರೆಸಾನಿಯ ಮಗುವನ್ನು ನೋಡಿಕೊಳ್ಳುತ್ತಿದ್ದರು. ಆಕೆ ಕೊಟ್ಟ ಸಣ್ಣ ಬ್ರೋಚ್ (ಬಟ್ಟೆಗೆ ಸಿಕ್ಕಿಸುವ ಪಿನ್ನಿನ ಒಡವೆ) ಈಗ ನನ್ನ ಹತ್ತಿರ ಇದೆ. ಚಿನ್ನದ ಫಿರಂಗಿ, ಮೇಲೆ ಕಿರೀಟ, ಸಣ್ಣ ವಜ್ರಗಳು. ಫಿರಂಗಿಯ ಚಕ್ರ ತಿರುಗುತ್ತದೆ! ಹಿಂದೆ ‘15 ಸಿಟಿ’ ಅಂತಿದೆ. 1918ರಲ್ಲಿ ಹೈಫಾದಲ್ಲಿ (ಈಗಿನ ಇಸ್ರೇಲ್) ಹೋರಾಡಿದ ನಮ್ಮ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ದಾ? ಒಬ್ಬ ಅಂಗಡಿಯವರು ತೂಕ ಹಾಕಿ ಕರಗಿಸೋಣ ಅಂದರು. ಮನಸ್ಸು ಒಪ್ಪಲಿಲ್ಲ.

ಉತ್ತರ 1: ದಯವಿಟ್ಟು ಕರಗಿಸಬೇಡಿ! ಇದು ಸ್ವೀಟ್‌ಹಾರ್ಟ್ ಬ್ಯಾಡ್ಜ್. ಯುದ್ಧಕ್ಕೆ ಹೊರಟವರು ಹೆಂಡತಿಗೆ, ಪ್ರೇಯಸಿಗೆ, ತಾಯಿಗೆ ತಮ್ಮ ಪಡೆಯ ಚಿಹ್ನೆಯನ್ನು ಒಡವೆ ಮಾಡಿಸಿ ಕೊಡುತ್ತಿದ್ದರು. ಮೈಸೂರಿನದಾದರೆ ಗಂಡಭೇರುಂಡ ಇರಬೇಕಿತ್ತು ಅಲ್ವಾ? ಫಿರಂಗಿ, ಕಿರೀಟ ಬ್ರಿಟನ್ನಿನ ಫಿರಂಗಿ ಪಡೆಯಾದ ರಾಯಲ್ ಆರ್ಟಿಲರಿಯ ಗುರುತು. ‘15 ಸಿಟಿ’ ಅಂದರೆ 15 ಕ್ಯಾರೆಟ್ ಚಿನ್ನ. ಬ್ರಿಟನ್ನಿನಲ್ಲಿ ಈ ಗುರುತು 1932ರಲ್ಲಿ ನಿಂತಿತು. ಹಾಗಾಗಿ ನಿಮ್ಮದು ಅದಕ್ಕಿಂತ ಹಳೆಯದು ಅನ್ನಬಹುದು.

ಉತ್ತರ 2: 15 ಕ್ಯಾರೆಟ್ ಅಂದರೆ ಶೇ. 62.5 ಚಿನ್ನ. ಆದರೆ ತೂಕದ ಬೆಲೆ ಇದರ ನಿಜವಾದ ಬೆಲೆಯಲ್ಲ. ವಜ್ರ ಎಲ್ಲ ಇದೆಯಾ, ಪಿನ್ನು ಮೂಲದ್ದಾ, ಸೀಸದ ಬೆಸುಗೆ ಬಿದ್ದಿದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ. ಬೆಸುಗೆ ಬಿದ್ದರೆ ಬೆಲೆ ಜಾಸ್ತಿ ಇಳಿಯುತ್ತದೆ. ಸುಮ್ನೆ ಪಾಲಿಶ್ ಮಾಡಿಸಬೇಡಿ. ಹಳೆಯ ಮಿಲಿಟರಿ ಒಡವೆ ಹರಾಜು ಹಾಕುವವರಿಗೆ ಹಿಂದು, ಮುಂದು ಎರಡೂ ಫೋಟೋ ಕಳಿಸಿ.

ಪ್ರಶ್ನೆ ಕೇಳಿದವರು: ಪಿನ್ನು ಮೂಲದ್ದೇ, ಬೆಸುಗೆ ಇಲ್ಲ. ಒಂದು ವಜ್ರ ಮಾತ್ರ ಇಲ್ಲ. ಮಾರುವುದಿಲ್ಲ. ಅಜ್ಜಿ ಯಾರಿಂದ ಪಡೆದರು ಅಂತ ಬರೆದು ಅದೇ ಪೆಟ್ಟಿಗೆಯಲ್ಲಿ ಇಡುತ್ತೇನೆ.