ಪದಚರ್ಚೆ: ಗಡಿಯಾರದ ಕಾಂತತ್ವ ಕಳೆಯುವ ಯಂತ್ರಕ್ಕೆ ಕನ್ನಡದ ಹೆಸರು

ಪ್ರಶ್ನೆ (ಕಲಬುರಗಿ)

ಮಾನ್ಯರೇ,

ಮನೆಯಲ್ಲಿಯೇ ಕೈಗಡಿಯಾರ ದುರಸ್ತಿಯ ಕೆಲಸಕ್ಕೆ ಕೂರಲಿರುವ ಹುಡುಗರಿಗಾಗಿ ಒಂದು ಕಿರುಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಉಪಕರಣಗಳ ಮೇಲೆ ಅಂಟಿಸುವ ಹೆಸರುಚೀಟಿಗಳೂ ಅದರೊಂದಿಗೆ ನಾಳೆಯೇ ಅಚ್ಚಿಗೆ ಹೋಗಬೇಕಾಗಿದೆ. ಪೇಚ್‌ಕಸ್ (ಸ್ಕ್ರೂಡ್ರೈವರ್), ಚಿಮಟ (ಟ್ವೀಜರ್), ಐಗ್ಲಾಸ್ (ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ) ಮುಂತಾದವುಗಳಿಗೆ ನಮ್ಮ ಭಾಗದ ಬಳಕೆಯ ಮಾತುಗಳನ್ನೇ ಇಟ್ಟುಕೊಂಡಿದ್ದೇನೆ. ತೊಡಕಾಗಿರುವುದು ಡೀಮ್ಯಾಗ್ನೆಟೈಸರ್ ಒಂದೇ. ಕಾಂತತ್ವ ಹತ್ತಿದ ಗಡಿಯಾರದಲ್ಲಿ ಬಾಲ್‌ಕಮಾನಿನ (ಕೂದಲೆಳೆಯಂಥ ಸುರುಳಿ ಸ್ಪ್ರಿಂಗಿನ) ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು, ಕಮಾನು ಗಿಡ್ಡವಾದಂತಾಗಿ, ಗಡಿಯಾರ ಮುಂದೆ ಓಡತೊಡಗುತ್ತದೆ. ಅದನ್ನು ಸರಿಪಡಿಸುವ ಪುಟ್ಟ ಪೆಟ್ಟಿಗೆಯಿದು. ‘ಮ್ಯಾಗ್ನೆಟ್ ಮಷೀನು’ ಎಂದು ಬರೆದರೆ ಹೊಸಬರು ತದ್ವಿರುದ್ಧವಾಗಿ ತಿಳಿಯುವ ಅಪಾಯವಿದೆ. ಚೀಟಿಯ ಅಗಲ ಮೂರು ಬೆರಳಿನಷ್ಟು ಮಾತ್ರ. ದಯವಿಟ್ಟು ಇಂದು ರಾತ್ರಿಯೊಳಗೆ ತಿಳಿಸಬೇಕು.

ಉತ್ತರ (ಬೀದರ್)

‘ವಿಕಾಂತಕ’ ಎಂದು ಬರೆಯಿರಿ. ‘ವಿ’ ಉಪಸರ್ಗವು ಇಲ್ಲದಿರುವಿಕೆಯನ್ನು ಸೂಚಿಸುತ್ತದೆ. ಚೀಟಿಯಲ್ಲಿ ಹಿಡಿಯುತ್ತದೆ, ಹೆಚ್ಚಿನ ವಿವರಣೆಯ ಅಗತ್ಯವಿಲ್ಲ.

ಉತ್ತರ (ಮೂಲತಃ ಬೀದರ್, ಸದ್ಯ ಬೆಂಗಳೂರು)

ತಿರುಪುಳಿ ಎಂಬ ಸೊಗಸಾದ ಪದ ಇರುವಾಗ ‘ಪೇಚ್‌ಕಸ್’ ಎಂದು ಅಚ್ಚು ಹಾಕಿಸುವವರು ಒಂದು ಯಂತ್ರದ ಹೆಸರಿಗಾಗಿ ಇಷ್ಟು ಚಿಂತಿಸುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ವಿಕಾಂತಕವಂತೂ ಸಂಸ್ಕೃತದ ಹೊರೆ. ನಮ್ಮಲ್ಲಿ ಅಯಸ್ಕಾಂತಕ್ಕೆ ಸೂಜಿಗಲ್ಲು ಎಂಬ ಅಚ್ಚಗನ್ನಡ ಮಾತಿದೆ. ಅದರ ಗುಣ ಸೆಳೆತ. ಆದ್ದರಿಂದ ಸೆಳೆತವನ್ನು ಕಳೆಯುವುದು ‘ಸೆಳೆಗಳೆ’. ಆದೇಶ ಸಂಧಿಯೂ ತಾನಾಗಿ ಕೂಡಿಬಂದಿದೆ.

ಉತ್ತರ (ಯಾದಗಿರಿ)

ಸೆಳೆಗಳೆ ಎಂದು ಬರೆದ ಚೀಟಿಯನ್ನು ನಮ್ಮ ಕಡೆಯವರು ಓದಿದರೆ ಅವರಿಗೆ ಮೊದಲು ಕಾಣುವುದು ಹೊಲದ ಗಳೆ. ನೇಗಿಲಿನ ಹೆಸರನ್ನು ಗಡಿಯಾರದ ಮೇಜಿಗೆ ತರುವ ಮುನ್ನ ಊರಿಗೊಮ್ಮೆ ಬಂದು ಹೋಗುವುದು ಒಳ್ಳೆಯದು.

ಅಚ್ಚಗನ್ನಡದ ಮಾತಿಗೆ ಬರೋಣ. ಸೂಜಿಗಲ್ಲಿನ ‘ಸೂಜಿ’ಯೇ ಸಂಸ್ಕೃತದ ‘ಸೂಚಿ’ಯಿಂದ ಬಂದ ತದ್ಭವ, ಅರ್ಧ ಎರವಲಾದ ಪದವನ್ನು ತೋರಿಸಿ ಇತರರ ಎರವಲನ್ನು ಹೀಗಳೆಯುವುದು ತರವಲ್ಲ. ‘ಪೇಚ್’ ಎಂಬ ಪಾರಸಿ ಪದದ ಅರ್ಥ ಸುತ್ತು, ತಿರುಪು. ತಿರುಪುಳಿಯೂ ಪೇಚ್‌ಕಸ್ಸೂ ಒಂದೇ ಕಲ್ಪನೆಯಿಂದ ಹುಟ್ಟಿವೆ. ಗಳಿಗೆ ಎಂಬುದೂ 24 ನಿಮಿಷದ ‘ಘಟಿಕಾ’ದ ತದ್ಭವವೇ, ನೀರಿನಲ್ಲಿ ಮುಳುಗುವ ಬಟ್ಟಲಿನಿಂದ ಹೊತ್ತನ್ನು ಅಳೆಯುತ್ತಿದ್ದ ಕಾಲದ ಉಳಿಕೆ. ಕಮಾನು, ಚಾವಿ, ಚಿಮಟ ಎಲ್ಲವನ್ನೂ ಹೊರಗಟ್ಟಿದ ಮೇಲೆ ಘಡಿಸಾಜನ (ಗಡಿಯಾರ ದುರಸ್ತಿ ಮಾಡುವವನ) ಬಾಯಲ್ಲಿ ಏನುಳಿಯುತ್ತದೆ? ಚಿಮಟಕ್ಕೆ ಇಕ್ಕಳ ಎಂದರೆ ಹುಡುಗ ಪಕ್ಕಡ್ (ಪ್ಲೈಯರ್) ತಂದುಕೊಡುತ್ತಾನೆ; ಆಗ ಬಾಲ್‌ಕಮಾನಿನ ಗತಿ ಏನಾಗುವುದೆಂದು ಹೇಳಬೇಕಾಗಿಲ್ಲ.

ವಿಕಾಂತಕದ ಬಗ್ಗೆ ನನ್ನ ಆಕ್ಷೇಪ ಬೇರೆ. ಅಯಸ್ಕಾಂತವೆಂದರೆ ಕಬ್ಬಿಣಕ್ಕೆ ಪ್ರಿಯವಾದದ್ದು. ಅಯಸ್ಸನ್ನು ಬಿಟ್ಟು ಕಾಂತವನ್ನಷ್ಟೇ ಉಳಿಸಿ ಅದಕ್ಕೆ ‘ವಿ’ ಹಚ್ಚಿದರೆ ಗಂಡನಿಲ್ಲದವಳ ನೆನಪು ಬರುತ್ತದೆಯೇ ಹೊರತು ಯಂತ್ರದ್ದಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಪದವು ಕೆಲಸದ ರೀತಿಯನ್ನು ಸ್ವಲ್ಪವೂ ತಿಳಿಸುವುದಿಲ್ಲ. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತದಂತೆ ದಿಕ್ಕು ಬದಲಿಸುತ್ತದೆ, ಸುರುಳಿಯ ಕಾಂತಕ್ಷೇತ್ರವೂ ಅದರೊಂದಿಗೆ ಹಿಂದುಮುಂದಾಗುತ್ತದೆ. ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಗಡಿಯಾರವನ್ನು ನಿಧಾನವಾಗಿ ಒಂದು ಕೈಯಳತೆ ದೂರಕ್ಕೆ ಒಯ್ದರೆ, ಪ್ರತಿ ತಿರುವಿನಲ್ಲಿಯೂ ಕ್ಷೇತ್ರ ಕ್ಷೀಣಿಸುತ್ತ ಬಂದು, ಉಕ್ಕಿನ ಭಾಗಗಳಲ್ಲಿದ್ದ ಕಾಂತತ್ವ ಕಳೆದುಹೋಗುತ್ತದೆ. ಗಡಿಯಾರ ಇನ್ನೂ ಪೆಟ್ಟಿಗೆಯ ಮೇಲಿರುವಾಗಲೇ ಗುಂಡಿ ಬಿಟ್ಟರೆ ಮೊದಲಿಗಿಂತ ಹೆಚ್ಚು ಕಾಂತತ್ವ ಉಳಿದುಬಿಡಬಹುದು. ಹೊಸಬರು ಎಡವುವುದು ಇಲ್ಲಿಯೇ. ಆದ್ದರಿಂದ ಚೀಟಿಯಲ್ಲಿ ಕ್ರಿಯಾಪದ ಇರಲೇಬೇಕು. ‘ಕಾಂತತ್ವ ಕಳೆಯುವ ಯಂತ್ರ’ ಎಂದು ಬರೆಯಿರಿ. ಪಠ್ಯಪುಸ್ತಕದ ಕಾಂತತ್ವ ಶಾಲೆ ಕಲಿತ ಎಲ್ಲರಿಗೂ ಗೊತ್ತು, ಕಳೆಯುವುದು ಎಲ್ಲರ ಮಾತು. ಮೂರು ಪದಗಳಾದವೆಂದು ಕೊರಗುವುದು ಬೇಡ; ಎರಡು ಸಾಲಿನಲ್ಲಿ ಹಿಡಿಯುತ್ತದೆ.

ಕೈಪಿಡಿಯಲ್ಲಿ ಇನ್ನೆರಡು ಮಾತುಗಳನ್ನು ಸೇರಿಸಿರಿ. ಈ ಯಂತ್ರವನ್ನು ಕೆಲಸದ ಮೇಜಿನ ನಡುವೆ ಇಡದೆ, ಪೇಚುಗಳ ತಟ್ಟೆಯಿಂದ ದೂರ, ಒಂದು ಮೂಲೆಯಲ್ಲಿ ಇಡಬೇಕು. ಚಿಮಟಕ್ಕೆ ಪೇಚುಗಳು ಅಂಟಿ ಬರತೊಡಗಿದರೆ ಚಿಮಟವನ್ನೂ ಇದರ ಮೇಲೆ ಹಾಯಿಸಬೇಕು. ಕ್ವಾರ್ಟ್ಜ್ ಗಡಿಯಾರದ ಮೋಟಾರಿನ ರೋಟರು ಸ್ವತಃ ಅಯಸ್ಕಾಂತವಾಗಿರುವುದರಿಂದ ಅದನ್ನು ಇದರ ಮೇಲೆ ಇಡಲೇಬಾರದು.

ಉತ್ತರ (ಮೂಲತಃ ಬೀದರ್, ಸದ್ಯ ಬೆಂಗಳೂರು)

ಸೂಜಿ ತದ್ಭವವೆಂಬುದು ನನಗೂ ತಿಳಿದಿದೆ. ತದ್ಭವವು ಕನ್ನಡದ ಉಚ್ಚಾರಣೆಗೆ ಒಗ್ಗಿದ ಪದ, ಪೇಚ್‌ಕಸ್ ಒಗ್ಗಿಲ್ಲ. ಕನ್ನಡದ ನಾಮಪದವು ಸ್ವರದಿಂದ ಕೊನೆಗೊಳ್ಳಬೇಕು.

ಉತ್ತರ (ಯಾದಗಿರಿ)

ಇಲ್ಲಿ ‘ಪೇಚ್‌ಕಸ್ಸು ಕೊಡ್ರಿ’ ಎನ್ನುತ್ತಾರೆ. ಸ್ವರ ಬಂದಾಯಿತು. ಬರಹದಲ್ಲಿ ಅದನ್ನು ಕತ್ತರಿಸಿದವರು ಆಡುವವರಲ್ಲ.

ಉತ್ತರ (ಬೀದರ್)

ಅಂದರೆ ಬಾಯಿಗೆ ಬಂದದ್ದೆಲ್ಲ ಪರಿಭಾಷೆಯೆಂದಾಯಿತು. ಗಡಿಯಲ್ಲಿರುವ ನಮ್ಮ ತಾಲ್ಲೂಕುಗಳಲ್ಲಿ ಮರಾಠಿಯ ‘ಲೋಹಚುಂಬಕ’ವೂ ಕಿವಿಗೆ ಬೀಳುತ್ತದೆ, ಅದನ್ನೂ ಸೇರಿಸಿಕೊಳ್ಳುತ್ತೀರಾ? ಪಾರಿಭಾಷಿಕ ಪದವು ಎಲ್ಲ ಜಿಲ್ಲೆಗಳಿಗೂ ಒಂದೇ ಆಗಿರಬೇಕೆಂಬುದು ನನ್ನ ನಿಲುವು. ವಿಕಾಂತಕವನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರಿಂದ (ಕಲಬುರಗಿ)

ಎಲ್ಲರಿಗೂ ವಂದನೆಗಳು. ಚೀಟಿಗೆ ‘ಕಾಂತತ್ವ ಕಳೆಯುವ ಯಂತ್ರ’ ಎಂದು ಕೊಟ್ಟಿದ್ದೇನೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಗಡಿಯಾರ ದೂರ ಒಯ್ದ ಮೇಲೆಯೇ ಗುಂಡಿ ಬಿಡಿರಿ’ ಎಂದೂ, ‘ಚಾವಿ ಮತ್ತು ಆಟೋಮ್ಯಾಟಿಕ್ ಗಡಿಯಾರಗಳಿಗೆ ಮಾತ್ರ’ ಎಂದೂ ಬರೆಸಿದ್ದೇನೆ. ಪೇಚ್‌ಕಸ್ ಹಾಗೆಯೇ ಉಳಿಯುತ್ತದೆ. ತಿರುಪುಳಿಯನ್ನು ಕೈಪಿಡಿಯೊಳಗೆ ಒಮ್ಮೆ ಕಾಣಿಸಿದ್ದೇನೆ.