ಮಳೆಗಾಲದ ಮಂದ ಬೆಳಕಿನಲ್ಲಿ ಕ್ಯಾಮೆರಾದಿಂದ ಚಾಲಿ ಅಡಿಕೆ ವಿಂಗಡಣೆ: ಚಿತ್ರವನ್ನು ಎಲ್ಲಿಯವರೆಗೆ ತಿದ್ದಬಹುದು?

ಪ್ರಶ್ನೆ: ಚಾಲಿಮನೆ

ಶಿರಸಿ ಕಡೆಯ ನಮ್ಮ ಊರಿನಲ್ಲಿ, ಸುಲಿದ ಅಡಿಕೆಯನ್ನು ಕ್ಯಾಮೆರಾದ ಮೂಲಕ ನೋಡಿ ಚಾಲಿ (ಬೆಳ್ಳಗಿನ ಒಳ್ಳೆಯ ಅಡಿಕೆ), ಬಿಳೆಗೋಟು, ಕೆಂಪುಗೋಟು, ಕೋಕಾ (ಕಪ್ಪಾದ ಕೀಳು ಅಡಿಕೆ) ಎಂಬ ದರ್ಜೆಗಳಾಗಿ ಬೇರ್ಪಡಿಸುವ ಸಣ್ಣ ಯಂತ್ರವೊಂದನ್ನು ಕಟ್ಟುತ್ತಿದ್ದೇವೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಸಾಧಾರಣ ಯುಎಸ್‌ಬಿ ಕ್ಯಾಮೆರಾ, ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣಾ ತಂತ್ರಾಂಶ ಮತ್ತು ಸೆಕೆಂಡಿಗೆ ಸುಮಾರು 20 ಸೆಂ.ಮೀ. ಓಡುವ ಕಪ್ಪು ಬೆಲ್ಟ್, ಇಷ್ಟೇ ನಮ್ಮ ಸಾಮಗ್ರಿ. ಬೇಸಿಗೆಯಲ್ಲಿ ತೃಪ್ತಿಕರವಾಗಿದ್ದ ವಿಂಗಡಣೆ, ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಒಂದು ಟ್ಯೂಬ್‌ಲೈಟ್ ಮಾತ್ರ ಆಸರೆಯಾದಾಗ ಕೆಟ್ಟುಹೋಗುತ್ತದೆ. ಕೆಂಪುಗೋಟು ಪದೇ ಪದೇ ಚಾಲಿಯ ಬುಟ್ಟಿಗೆ ಬೀಳುತ್ತದೆ. ಬಾಗಿಲ ಬದಿಯ ಅಡಿಕೆ ಸರಿಯಾಗಿ ಗುರುತಾದರೂ ಗೋಡೆಯ ಬದಿಯದು ಬೆಲ್ಟಿನ ಕಪ್ಪಿನಲ್ಲಿ ಕರಗಿಹೋಗುತ್ತದೆ. ಚಿತ್ರದ ಬೆಳಕು-ಕತ್ತಲಿನ ವ್ಯತ್ಯಾಸವನ್ನು ಭಾಗಭಾಗವಾಗಿ ಹೆಚ್ಚಿಸುವ ಕ್ಲಾಹೆ (CLAHE) ವಿಧಾನವನ್ನು ಅಳವಡಿಸಿದ ಮೇಲೆ ಚಿತ್ರ ಕಣ್ಣಿಗೆ ಸೊಗಸಾಗಿ ಕಂಡಿತಾದರೂ ವಿಂಗಡಣೆ ಇನ್ನಷ್ಟು ಹದಗೆಟ್ಟಿತು. ಇದಕ್ಕೆ ಕಾರಣವೇನು, ಮತ್ತು ಬೆಳಕಿಗೆ ತಕ್ಕಂತೆ ಹೊಂದಿಕೊಳ್ಳುವ ಸಂಸ್ಕರಣೆಯನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ: ಬೆಳಕಿಂಡಿ

ಕ್ಲಾಹೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಅದು ನಿಮಗೆ ಬೇಕಾದ ಕೆಲಸವಲ್ಲ, ಅಷ್ಟೆ. ಈ ವಿಧಾನವು ಚಿತ್ರವನ್ನು ಚೌಕಗಳಾಗಿ ಒಡೆದು (ಓಪನ್‌ಸಿವಿಯಲ್ಲಿ ನಾವು ಬೇರೆ ಹೇಳದಿದ್ದರೆ ಅಡ್ಡಕ್ಕೆ 8, ಉದ್ದಕ್ಕೆ 8), ಪ್ರತಿಯೊಂದು ಚೌಕದ ಹಿಸ್ಟೋಗ್ರಾಂ (ಕಪ್ಪಿನಿಂದ ಬಿಳಿಯವರೆಗಿನ ಹೊಳಪುಗಳ ಹಂಚಿಕೆ) ಅನ್ನು ಬೇರೆ ಬೇರೆಯಾಗಿ ಹರಡುತ್ತದೆ ಮತ್ತು ನಾಯ್ಸ್ (ಚಿತ್ರದಲ್ಲಿ ಕಾಣುವ ಬೇಡದ ಚುಕ್ಕೆಗಳ ಏರಿಳಿತ) ವಿಪರೀತ ಹೆಚ್ಚದಂತೆ ಅದಕ್ಕೊಂದು ಮಿತಿಯನ್ನು ಹಾಕುತ್ತದೆ. ಆದ್ದರಿಂದ ಒಂದು ಅಡಿಕೆಯ ಹೊಳಪು ಆ ಅಡಿಕೆಯನ್ನಷ್ಟೇ ಅಲ್ಲ, ಅದರ ನೆರೆಯಲ್ಲಿರುವ ಅಡಿಕೆಗಳನ್ನೂ ಅವಲಂಬಿಸುತ್ತದೆ. ಕೋಕಾಗಳ ನಡುವೆ ಬಿದ್ದ ಬಿಳೆಗೋಟು ಚಾಲಿಯಂತೆ ಬೆಳ್ಳಗಾಗುತ್ತದೆ, ಒಳ್ಳೆಯ ಚಾಲಿಗಳ ನಡುವೆ ಅದೇ ಅಡಿಕೆ ಕಪ್ಪಾಗಿ ಕಾಣುತ್ತದೆ. ಅಂಚನ್ನು ಹುಡುಕುವುದಕ್ಕೆ ಇದು ವರ, ಬಣ್ಣವನ್ನು ಅಳೆಯುವುದಕ್ಕೆ ಶಾಪ.

ಹಾಗಾಗಿ ಎರಡು ದಾರಿಗಳನ್ನು ಬೇರೆ ಮಾಡಿ. ಚಿತ್ರದ ಒಂದು ಪ್ರತಿಗೆ ಕ್ಲಾಹೆಯನ್ನೋ ಸ್ಥಳೀಯ ಥ್ರೆಶೋಲ್ಡ್ ವಿಧಾನವನ್ನೋ (ಪ್ರತಿ ಚುಕ್ಕೆಯನ್ನು ಅದರ ಸುತ್ತಲಿನ ಹೊಳಪಿಗೆ ಹೋಲಿಸಿ ಕಪ್ಪು ಇಲ್ಲವೇ ಬಿಳಿ ಎಂದು ಬೇರ್ಪಡಿಸುವುದು) ಹಾಕಿ, ಅಡಿಕೆ ಎಲ್ಲಿದೆ ಎಂಬುದನ್ನು ಮಾತ್ರ ಗುರುತಿಸಿ. ಆ ಗಡಿಯೊಳಗಿನ ಬಣ್ಣವನ್ನು ತಿದ್ದದ ಮೂಲ ಚಿತ್ರದಿಂದಲೇ ಓದಿ. ಥ್ರೆಶೋಲ್ಡ್ ಬಳಸುವಾಗ ಕಿಟಕಿಯ (ಹೋಲಿಕೆಗೆ ತೆಗೆದುಕೊಳ್ಳುವ ಸುತ್ತಲಿನ ಚೌಕದ) ಅಳತೆ ಅಡಿಕೆಗಿಂತ ದೊಡ್ಡದಾಗಿರಲಿ. ಚಿಕ್ಕದಾದರೆ ಅಡಿಕೆಯ ನಡುಭಾಗ ಟೊಳ್ಳಾಗಿ ಕಾಣುತ್ತದೆ. ಸಾಧ್ಯವಾದರೆ ಕಪ್ಪು ಬೆಲ್ಟಿನ ಬದಲು ನೀಲಿ ಬೆಲ್ಟ್ ಹಾಕಿಸಿ. ನೀಲಿ ಬಣ್ಣದ ಅಡಿಕೆ ಇಲ್ಲವಾದ್ದರಿಂದ, ಹೊಳಪು ಕಡಿಮೆಯಾದಾಗಲೂ ಬಣ್ಣದ ವ್ಯತ್ಯಾಸ ಸಾಕಷ್ಟು ಉಳಿದಿರುತ್ತದೆ.

ಕೆಂಪುಗೋಟಿನ ಸಮಸ್ಯೆಗೆ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣಗಳನ್ನು ತಾನಾಗಿ ಸರಿದೂಗಿಸುವ ವ್ಯವಸ್ಥೆ) ಮೇಲೆ ನನ್ನ ಅನುಮಾನವಿದೆ. ಇಡೀ ದೃಶ್ಯದ ಸರಾಸರಿ ಬೂದುಬಣ್ಣವೇ ಆಗಿರಬೇಕೆಂಬ ಊಹೆಯ ಮೇಲೆ ಇಂಥ ವ್ಯವಸ್ಥೆಗಳು ಬಹುಮಟ್ಟಿಗೆ ನಡೆಯುತ್ತವೆ. ಬೆಲ್ಟಿನ ಮೇಲೆ ಕೆಂಪುಗೋಟು ಹೆಚ್ಚಿದಷ್ಟೂ ಕ್ಯಾಮೆರಾ ಕೆಂಪನ್ನು ತಗ್ಗಿಸುತ್ತಾ ಹೋಗುತ್ತದೆ. ಆ ವ್ಯವಸ್ಥೆಯನ್ನು ಆಫ್ ಮಾಡಿ, ಬೆಲ್ಟಿನ ಪಕ್ಕದಲ್ಲಿ ಸದಾ ಚಿತ್ರದೊಳಗೆ ಇರುವಂತೆ ಹೊಳಪಿಲ್ಲದ ಬೂದುಬಣ್ಣದ ಪಟ್ಟಿಯೊಂದನ್ನು ಅಂಟಿಸಿ, ಪ್ರತಿ ಚಿತ್ರದ ಕೆಂಪು, ಹಸಿರು, ನೀಲಿ ಮೌಲ್ಯಗಳನ್ನು ಆ ಪಟ್ಟಿಯ ಮೌಲ್ಯಗಳಿಂದ ಭಾಗಿಸಿ. ನಿಮ್ಮ ಯಂತ್ರಕ್ಕೆ ನಿಜವಾಗಿ ಬೇಕಾದ ಹೊಂದಾಣಿಕೆ ಇದೇ.

ಉತ್ತರ: ಮಿಲಿಸೆಕೆಂಡು

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅದಕ್ಕೂ ಮೊದಲು ಎಕ್ಸ್‌ಪೋಷರ್ (ಒಂದು ಚಿತ್ರಕ್ಕಾಗಿ ಕ್ಯಾಮೆರಾ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಅವಧಿ) ಲೆಕ್ಕವನ್ನು ನೋಡಬೇಕು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಚಿತ್ರದಲ್ಲಿ ಅಡ್ಡಪಟ್ಟೆಗಳು ಬರಬಾರದೆಂದರೆ ಎಕ್ಸ್‌ಪೋಷರ್ 10 ಮಿಲಿಸೆಕೆಂಡಿನ ಗುಣಕವಾಗಿರಬೇಕು. ಅಷ್ಟು ಹೊತ್ತಿನಲ್ಲಿ ನಿಮ್ಮ ಬೆಲ್ಟ್ 2 ಮಿ.ಮೀ. ಸರಿದಿರುತ್ತದೆ. ಬೆಳಕು ಸಾಲದೆ ಕ್ಯಾಮೆರಾ ತಾನಾಗಿ 30 ಮಿಲಿಸೆಕೆಂಡಿಗೆ ಹೋದರೆ ಅಡಿಕೆ 6 ಮಿ.ಮೀ. ಎಳೆದಂತೆ ಕಾಣುತ್ತದೆ, ಆಗ ಅದರ ಬಣ್ಣದೊಂದಿಗೆ ಬೆಲ್ಟಿನ ಬಣ್ಣ ಬೆರೆಯುತ್ತದೆ.

ಎಕ್ಸ್‌ಪೋಷರ್ ತಗ್ಗಿಸಿ ಗೇನ್ (ಸೆನ್ಸರ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಏರಿಸುವುದೂ ಪರಿಹಾರವಲ್ಲ. ಒಂದು ಪಿಕ್ಸೆಲ್‌ನಲ್ಲಿ 10,000 ಬೆಳಕಿನ ಕಣಗಳು, ಅಂದರೆ ಫೋಟಾನ್‌ಗಳು ದಾಖಲಾದರೆ ಅವುಗಳ ಸಹಜ ಏರಿಳಿತ ಸುಮಾರು 100, ಅಂದರೆ ಶೇ. 1, 100 ಫೋಟಾನ್‌ಗಳು ಮಾತ್ರ ದಾಖಲಾದರೆ ಏರಿಳಿತ 10, ಅಂದರೆ ಶೇ. 10. ಗೇನ್ ಬೆಳಕಿನ ಮೌಲ್ಯವನ್ನೂ ಅದರ ಏರಿಳಿತವನ್ನೂ ಒಟ್ಟಿಗೆ ಹಿಗ್ಗಿಸುತ್ತದೆ. ಆದ್ದರಿಂದ ಕ್ಯಾಮೆರಾದ ಸುತ್ತ, ಒಳಗೆ ಮಂಕು ಬಿಳಿ ಬಣ್ಣ ಹಚ್ಚಿದ ಪೆಟ್ಟಿಗೆಯೊಂದನ್ನು ಕಟ್ಟಿ, ಡಿಸಿ ವಿದ್ಯುತ್ತಿನಿಂದ ಉರಿಯುವ ಎಲ್‌ಇಡಿ ಪಟ್ಟಿಗಳನ್ನು ಎರಡೂ ಬದಿಗೆ ಹಾಕಿ. ಮಿನುಗು ಇಲ್ಲದಿದ್ದರೆ 2 ಮಿಲಿಸೆಕೆಂಡಿಗೆ ಇಳಿಯಬಹುದು, ಆಗ ಬೆಲ್ಟ್ ಸರಿಯುವುದು ಕೇವಲ 0.4 ಮಿ.ಮೀ. ಬಾಗಿಲು-ಗೋಡೆಗಳ ವ್ಯತ್ಯಾಸವೂ ಇದರಿಂದಲೇ ಬಹುಪಾಲು ಕಳೆಯುತ್ತದೆ.

ಚಾಲಿಮನೆ

ಇಬ್ಬರಿಗೂ ಧನ್ಯವಾದಗಳು. ಮಂದ ಬೆಳಕಿನ ಚಿತ್ರವನ್ನು, ಉದಾಹರಣೆಗಳಿಂದ ಕಲಿಯುವ ನ್ಯೂರಲ್ ನೆಟ್‌ವರ್ಕ್ ಮೂಲಕ ಬೆಳಗಿಸಬಹುದೆಂದು ಮಗ ಹೇಳುತ್ತಿದ್ದಾನೆ. ಪೆಟ್ಟಿಗೆ ಕಟ್ಟುವ ಬದಲು ಅದು ಸಾಕಾಗುವುದಿಲ್ಲವೇ?

ಉತ್ತರ: ಬೆಳಕಿಂಡಿ

ಸಾಕಾಗುವುದಿಲ್ಲವೆಂದೇ ನನ್ನ ಅಭಿಪ್ರಾಯ. ಈ ದಿಕ್ಕಿನಲ್ಲಿ 2018ರಲ್ಲಿ ಪ್ರಕಟವಾದ ಪ್ರಸಿದ್ಧ ಸಂಶೋಧನೆಯು ಸೆನ್ಸರ್‌ನ ಕಚ್ಚಾ ದತ್ತಾಂಶವನ್ನೇ ಬಳಸಿತ್ತು, ಮತ್ತು ತರಬೇತಿಗಾಗಿ ಅದೇ ದೃಶ್ಯವನ್ನು 100ರಿಂದ 300 ಪಟ್ಟು ದೀರ್ಘ ಎಕ್ಸ್‌ಪೋಷರ್‌ನಲ್ಲಿ ತೆಗೆದ ಜೋಡಿಚಿತ್ರಗಳನ್ನು ಇಟ್ಟುಕೊಂಡಿತ್ತು. ನಿಮ್ಮ ಯುಎಸ್‌ಬಿ ಕ್ಯಾಮೆರಾ ಕೊಡುವುದು ಬಹುಶಃ ಆಗಲೇ ಜೆಪೆಗ್ ಮಾಡಿ ಹಿಂಡಿದ ಚಿತ್ರ. ಅದಕ್ಕಿಂತ ಮುಖ್ಯವಾಗಿ, ಇಂಥ ಜಾಲವು ಕಾಣದ ಜಾಗದಲ್ಲಿ ಇರಬಹುದಾದದ್ದನ್ನು ಊಹಿಸಿ ತುಂಬುತ್ತದೆ; ಮನೆಯ ಫೋಟೋಕ್ಕೆ ಅದು ಸರಿ, ಆದರೆ ಬೂಷ್ಟಿನ ಕಲೆಯನ್ನು ನಾಯ್ಸ್ ಎಂದು ಭಾವಿಸಿ ನಯಗೊಳಿಸಿಬಿಟ್ಟರೆ ವ್ಯಾಪಾರಿಯ ಮುಂದೆ ಉತ್ತರ ಹೇಳಬೇಕಾದವರು ನೀವು. ಮಗನಿಗೆ ಆಸಕ್ತಿಯಿದ್ದರೆ, ಪೆಟ್ಟಿಗೆಯೊಳಗೆ ತೆಗೆದ ಒಳ್ಳೆಯ ಚಿತ್ರಗಳ ಮೇಲೆ ವಿಂಗಡಣೆಗೇ ನೆಟ್‌ವರ್ಕ್ ತರಬೇತಿ ಕೊಡಲಿ.

ಇನ್ನೊಂದು ಸೂಚನೆ: ಅಡಿಕೆಯ ಧೂಳು ಲೆನ್ಸ್ ಮೇಲೂ ಎಲ್‌ಇಡಿ ಮೇಲೂ ನಿಧಾನವಾಗಿ ಕೂರುತ್ತದೆ. ಬೂದು ಪಟ್ಟಿಯ ಮೌಲ್ಯ ನೀವು ಗೊತ್ತುಮಾಡಿದ ಮಿತಿಗಿಂತ ಕೆಳಗಿಳಿದ ಕೂಡಲೇ ಬೆಲ್ಟ್ ನಿಂತು ಕೆಂಪು ದೀಪ ಹೊತ್ತುವಂತೆ ಪ್ರೋಗ್ರಾಂನಲ್ಲಿಯೇ ಬರೆದಿಡಿ, ಮತ್ತು ಗಾಜು ಒರೆಸುವಾಗ ಪಟ್ಟಿಯನ್ನೂ ಒರೆಸಲು ಮರೆಯಬೇಡಿ.